ಕ್ಯಾರಿಯರ್ ಯುದ್ಧದ ಆಟಕ್ಕೆ ಯಾವ ಫೈಟರ್? ಮೊದಲು ತಾರೀಖು ನೋಡಿ, ಆಮೇಲೆ ವಿಮಾನ

ಎರಡನೇ ಮಹಾಯುದ್ಧದ ನೌಕಾ ಯುದ್ಧಗಳನ್ನು ಮೇಜಿನ ಮೇಲೆ ಆಟವಾಗಿ ಆಡುವವರು ಸೇರಿದಾಗಲೆಲ್ಲ ಒಂದೇ ಚರ್ಚೆ: ಕ್ಯಾರಿಯರ್ (ವಿಮಾನವಾಹಕ ನೌಕೆ) ಮೇಲೆ ಯಾವ ಫೈಟರ್ (ಶತ್ರು ವಿಮಾನಗಳನ್ನು ಹೊಡೆಯುವ ವಿಮಾನ) ಇಡಬೇಕು? ಜಪಾನಿನ ಜೀರೋ ಒಳ್ಳೆಯದೋ ಅಮೆರಿಕದ ವೈಲ್ಡ್‌ಕ್ಯಾಟ್ ಒಳ್ಳೆಯದೋ? ಅಮೆರಿಕದ್ದೇ ಹೆಲ್‌ಕ್ಯಾಟ್ ಇಟ್ಟುಕೊಳ್ಳಲೋ ಕೋರ್ಸೇರ್ ಇಟ್ಟುಕೊಳ್ಳಲೋ? ಸುಮ್ನೆ ಗೆಲ್ಲುವುದೇ ಗುರಿಯಾದರೆ ಈ ಪ್ರಶ್ನೆ ಸರಿ. ಇತಿಹಾಸಕ್ಕೆ ಹತ್ತಿರ ಇರುವಂತೆ ಆಡಬೇಕು ಅಂತ ಹೊರಟವರಿಗೆ ಮಾತ್ರ ಅದು ಎರಡನೆಯ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ಆ ದಿನ, ಆ ಹಡಗಿನ ಡೆಕ್ ಮೇಲೆ ಯಾವ ವಿಮಾನ ನಿಂತಿತ್ತು?

ಕ್ಯಾರಿಯರ್ ಫೈಟರ್‌ಗಳ ವಿಷಯದಲ್ಲಿ ಆರು ತಿಂಗಳು ಅಂದರೆ ದೊಡ್ಡ ಅಂತರ. 1942ರ ಮೇ ತಿಂಗಳ ಕೋರಲ್ ಸಮುದ್ರದ ಕಾಳಗಕ್ಕೂ ಜೂನ್ ತಿಂಗಳ ಮಿಡ್ವೇ ಕಾಳಗಕ್ಕೂ ನಡುವೆ ಒಂದು ತಿಂಗಳೂ ಇಲ್ಲ. ಆದರೂ ಅಮೆರಿಕದ ಡೆಕ್‌ಗಳ ಮೇಲಿನ ಫೈಟರ್ ಬೇರೆ, ಅವುಗಳ ಸಂಖ್ಯೆ ಬೇರೆ, ರೆಕ್ಕೆಯ ಮೇಲಿನ ಗುರುತೂ ಬೇರೆ. "1942ರ ಅಮೆರಿಕನ್ ಫೈಟರ್" ಅಂತ ಒಂದೇ ಕಾರ್ಡ್ ಕೊಟ್ಟು ಮುಗಿಸುವ ಆಟಗಳಲ್ಲಿ ಇದೆಲ್ಲ ಕಳೆದುಹೋಗುತ್ತದೆ.

ಇನ್ನೊಂದು ಮಾತು. ವಿಮಾನ ಆ ವರ್ಷ ಇತ್ತು ಅನ್ನುವುದು ಸಾಲದು, ಕ್ಯಾರಿಯರ್ ಮೇಲೆ ಇತ್ತಾ ಅಂತ ನೋಡಬೇಕು. ಪೆಸಿಫಿಕ್ ಯುದ್ಧದ ಹೆಸರಾಂತ ಫೈಟರ್‌ಗಳಲ್ಲಿ ಎಷ್ಟೋ ವಿಮಾನಗಳು ದ್ವೀಪಗಳ ರನ್‌ವೇಯಿಂದಲೇ ಹಾರಿದವು. ಕೆಲವು ಡೆಕ್ಕಿನಿಂದ ಕೆಳಗಿನ ಹ್ಯಾಂಗರಿಗೆ (ವಿಮಾನ ನಿಲ್ಲಿಸುವ ಕೋಣೆಗೆ) ಇಳಿಸುವ ಲಿಫ್ಟಿಗೆ ಹಿಡಿಸುತ್ತಿರಲಿಲ್ಲ, ಕೆಲವು ಹ್ಯಾಂಗರಿನ ಸೂರಿಗೆ ತಾಗುತ್ತಿದ್ದವು, ಕೆಲವನ್ನು ಡೆಕ್ ಮೇಲೆ ಇಳಿಸುವುದೇ ಪೈಲಟ್‌ಗಳಿಗೆ ಪ್ರಾಣಸಂಕಟವಾಗಿತ್ತು.

ವೈಲ್ಡ್‌ಕ್ಯಾಟ್: ನಾಲ್ಕು ಗನ್ನಿನದೋ ಆರು ಗನ್ನಿನದೋ

ಯುದ್ಧದ ಮೊದಲ ಒಂದೂವರೆ ವರ್ಷ ಅಮೆರಿಕದ ಕ್ಯಾರಿಯರ್ ಫೈಟರ್ ಅಂದರೆ ಗ್ರಮನ್ ಕಂಪನಿಯ ವೈಲ್ಡ್‌ಕ್ಯಾಟ್. ಆಟಕ್ಕೆ ಬೇಕಾದ್ದು ಅದರ ಎರಡು ಮಾದರಿ: ಎಫ್‌4ಎಫ್-3 ಮತ್ತು ಎಫ್‌4ಎಫ್-4. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರು. ಆಟದ ಮೇಜಿನ ಮೇಲೆ ಮಾತ್ರ ಇವೆರಡಕ್ಕೆ ಬೇರೆ ಬೇರೆ ಅಂಕ ಕೊಡಲೇಬೇಕು.

ಎಫ್‌4ಎಫ್-3ರ ರೆಕ್ಕೆ ಮಡಚುವುದಿಲ್ಲ. 0.50 ಇಂಚಿನ ನಾಲ್ಕು ಮೆಷಿನ್‌ಗನ್, ಪ್ರತಿ ಗನ್ನಿಗೆ 450 ಗುಂಡು. ಎಫ್‌4ಎಫ್-4ರಲ್ಲಿ ರೆಕ್ಕೆ ಹಿಂದಕ್ಕೆ ಮಡಚುತ್ತದೆ, ಆರು ಗನ್ ಇವೆ, ಆದರೆ ಪ್ರತಿ ಗನ್ನಿಗೆ 240 ಗುಂಡು ಮಾತ್ರ. ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 800 ಗುಂಡಿನ ವೇಗ ಅಂತ ಹಿಡಿದರೆ ಹಳೆಯ ಮಾದರಿ ಸುಮಾರು 34 ಸೆಕೆಂಡು ಗುಂಡು ಹಾರಿಸಬಲ್ಲದು, ಹೊಸದು 18 ಸೆಕೆಂಡು. ಗನ್ ಜಾಸ್ತಿಯಾಯಿತು, ಗುಂಡು ಹಾರಿಸುವ ಸಮಯ ಅರ್ಧಕ್ಕೆ ಇಳಿಯಿತು. ಮೇಲಾಗಿ ವಿಮಾನ ಭಾರವಾಯಿತು, ಮೇಲೇರುವ ವೇಗ ತಗ್ಗಿತು. ಹೊಸ ಮಾದರಿ ಕೈಗೆ ಬಂದಾಗ ಅನುಭವಿ ಪೈಲಟ್‌ಗಳು ಗೊಣಗಿದ್ದು ಇದಕ್ಕೇ.

ಹಾಗಾದರೆ ನೌಕಾಪಡೆ ಯಾಕೆ ಒಪ್ಪಿತು? ಜಾಗಕ್ಕಾಗಿ. ರೆಕ್ಕೆ ಬಿಚ್ಚಿದಾಗ ಸುಮಾರು 11.6 ಮೀಟರ್ ಅಗಲ ಇರುವ ವಿಮಾನ ಮಡಚಿದಾಗ 4.4 ಮೀಟರಿಗೆ ಇಳಿಯುತ್ತದೆ. ಮೊದಲು ಒಂದು ಹಡಗಿನಲ್ಲಿ 18ರಿಂದ 20 ಫೈಟರ್ ಇಟ್ಟುಕೊಳ್ಳುತ್ತಿದ್ದವರು ಮಿಡ್ವೇ ಹೊತ್ತಿಗೆ 25ರಿಂದ 27 ಇಟ್ಟುಕೊಂಡರು. 1942ರ ಆಗಸ್ಟ್ ಹೊತ್ತಿಗೆ ಸಂಖ್ಯೆ 36ರ ಆಸುಪಾಸಿಗೆ ಬಂತು. ಹಾಗಾಗಿ ಆಟದಲ್ಲಿ ಇವೆರಡರ ಆಯ್ಕೆ ಹೀಗೆ ಬರಬೇಕು: ಒಂದೊಂದಾಗಿ ನೋಡಿದರೆ ಎಫ್‌4ಎಫ್-3 ಮೇಲು, ಗುಂಪಾಗಿ ನೋಡಿದರೆ ಎಫ್‌4ಎಫ್-4 ಮೇಲು. ಎರಡಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಹಳೆಯದಕ್ಕೆ ಪುಕ್ಕಟೆ ಲಾಭ ಸಿಕ್ಕಿಬಿಡುತ್ತದೆ.

ಯಾವುದು ಯಾವಾಗ ಅನ್ನುವುದು ಸುಲಭ. ಪರ್ಲ್ ಹಾರ್ಬರ್ ದಾಳಿಯಿಂದ ಕೋರಲ್ ಸಮುದ್ರದವರೆಗೆ ಎಫ್‌4ಎಫ್-3 ಮಾದರಿ. ಕೋರಲ್ ಸಮುದ್ರದಲ್ಲಿ ಲೆಕ್ಸಿಂಗ್ಟನ್ ಕ್ಯಾರಿಯರ್ ಮೇಲಿದ್ದ ವಿಎಫ್-2, ಯಾರ್ಕ್‌ಟೌನ್ ಮೇಲಿದ್ದ ವಿಎಫ್-42 ಫೈಟರ್ ಸ್ಕ್ವಾಡ್ರನ್‌ಗಳು ಎರಡೂ ಇದನ್ನೇ ಹಾರಿಸಿದವು. 1942ರ ಫೆಬ್ರವರಿ 20ರಂದು ಬೂಗನ್‌ವಿಲ್ ದ್ವೀಪದ ಆಚೆ ಜಪಾನಿನ ಬಾಂಬರ್‌ಗಳನ್ನು ಹೆಚ್ಚುಕಮ್ಮಿ ಒಂಟಿಯಾಗಿ ತಡೆದ ಅಮೆರಿಕದ ಪೈಲಟ್ ಬುಚ್ ಓಹೇರ್ ಕೂತಿದ್ದೂ ಇದರಲ್ಲೇ. ಮಿಡ್ವೇಯಿಂದ ಮುಂದಕ್ಕೆ, ಪೂರ್ವ ಸೊಲೊಮನ್ಸ್, ಸಾಂಟಾ ಕ್ರೂಜ್ ಕಾಳಗಗಳಿಗೆಲ್ಲ ಎಫ್‌4ಎಫ್-4. ಒಂದೇ ಒಂದು ಅಪವಾದ ನೆನಪಿಡಿ. 1941ರ ಡಿಸೆಂಬರಿನಲ್ಲಿ ಲೆಕ್ಸಿಂಗ್ಟನ್ ಮೇಲೆ ವೈಲ್ಡ್‌ಕ್ಯಾಟ್ ಇರಲಿಲ್ಲ, ಬ್ರೂಸ್ಟರ್ ಬಫಲೋ ಇತ್ತು. "ಪರ್ಲ್ ಹಾರ್ಬರ್ ದಿನ ಅಮೆರಿಕದ ಕ್ಯಾರಿಯರ್‌ಗಳು ಜಪಾನಿನ ಪಡೆಗೆ ಎದುರಾಗಿದ್ದರೆ?" ಅನ್ನುವ ಊಹೆಯ ಆಟ ಆಡುವವರು ಲೆಕ್ಸಿಂಗ್ಟನ್ ಡೆಕ್ ಮೇಲೆ ಬಫಲೋಗಳನ್ನೇ ಇಡಬೇಕು. ಬೇಜಾರಾದರೂ ಅದೇ ಸತ್ಯ. ಮಿಡ್ವೇ ಕಾಳಗದಲ್ಲಿ ಹೋರಾಡಿದ ಬಫಲೋಗಳು ಮಾತ್ರ ಕ್ಯಾರಿಯರಿನವಲ್ಲ. ದ್ವೀಪದ ರನ್‌ವೇಯಿಂದ ಹಾರಿದ ಮೆರೀನ್ ಸ್ಕ್ವಾಡ್ರನ್ನಿನವು.

ವೈಲ್ಡ್‌ಕ್ಯಾಟಿನ ಒಂದು ಸಣ್ಣ ಸಂಗತಿ ನನಗೆ ತುಂಬ ಇಷ್ಟ. ಅದರ ಚಕ್ರಗಳನ್ನು ಪೈಲಟ್ ಕೈಯಿಂದ ಹಿಡಿಕೆ ತಿರುಗಿಸಿ ಮೇಲೆತ್ತಬೇಕಿತ್ತು, ಸುಮಾರು 30 ಸುತ್ತು. ಒಂದು ಕೈಯಲ್ಲಿ ವಿಮಾನ, ಇನ್ನೊಂದು ಕೈಯಲ್ಲಿ ಹಿಡಿಕೆ. ಡೆಕ್ ಬಿಟ್ಟ ಕೂಡಲೇ ವಿಮಾನ ಓಲಾಡುತ್ತ ಹೋಗುವುದನ್ನು ಹಳೆಯ ಚಿತ್ರತುಣುಕುಗಳಲ್ಲಿ ನೋಡಬಹುದು. ಡೆಕ್ಕಿನಿಂದ ಏರಿದ ಮೊದಲ ಸರದಿಯಲ್ಲಿ ವೈಲ್ಡ್‌ಕ್ಯಾಟ್ ದಾಳಿ ಮಾಡುವಂತಿಲ್ಲ ಅಂತ ನಿಯಮ ಹಾಕಿಕೊಳ್ಳಿ. ಆಟಕ್ಕೆ ರುಚಿ ಬರುತ್ತದೆ.

ಜೀರೋ: ಎಲ್ಲ ಜೀರೋಗಳೂ ಒಂದೇ ಅಲ್ಲ

ಜಪಾನಿನ ಪಾಲಿಗೆ ಆಯ್ಕೆ ಸುಲಭ ಅಂತ ಅನ್ನಿಸುತ್ತದೆ. ಎಲ್ಲ ಕಡೆ ಜೀರೋ ತಾನೇ? ಹೌದು, ಆದರೆ ಮಾದರಿ ನೋಡಬೇಕು.

ಪರ್ಲ್ ಹಾರ್ಬರ್, ಹಿಂದೂ ಮಹಾಸಾಗರ, ಕೋರಲ್ ಸಮುದ್ರ, ಮಿಡ್ವೇ: ಎಲ್ಲದಕ್ಕೂ ಎ6ಎಂ2, ಅಂದರೆ ಮಾದರಿ 21. 940 ಅಶ್ವಶಕ್ತಿಯ ಸಕಾಯೆ ಎಂಜಿನ್, ತುಂಬಿದ ತೂಕ ಸುಮಾರು 2.4 ಟನ್. ಪಕ್ಕದಲ್ಲಿ ವೈಲ್ಡ್‌ಕ್ಯಾಟ್ ಇಟ್ಟು ನೋಡಿ: 1,200 ಅಶ್ವಶಕ್ತಿ, ಆದರೆ ತೂಕ 3.6 ಟನ್. ಜೀರೋ ಅಷ್ಟು ಚುರುಕಾಗಿ ತಿರುಗುತ್ತಿದ್ದದ್ದು, ಅಷ್ಟು ಸಲೀಸಾಗಿ ಮೇಲೇರುತ್ತಿದ್ದದ್ದು ಈ ಹಗುರತನದಿಂದ. ಆ ಹಗುರತನಕ್ಕೆ ತೆತ್ತ ಬೆಲೆಯೂ ಗೊತ್ತಿರಲಿ. ಪೈಲಟ್‌ಗೆ ರಕ್ಷಾಕವಚ ಇಲ್ಲ. ಗುಂಡು ತಗುಲಿದರೆ ತೂತು ತಾನಾಗಿ ಮುಚ್ಚಿಕೊಳ್ಳುವ ಇಂಧನ ಟ್ಯಾಂಕ್ ಇಲ್ಲ. ಒಂದೆರಡು ಸೆಕೆಂಡು ಸರಿಯಾಗಿ ಗುರಿ ಸಿಕ್ಕರೆ ಬೆಂಕಿ ಹತ್ತಿಕೊಳ್ಳುತ್ತಿತ್ತು.

ಇದರ ಆಯುಧಕ್ಕೆ ಆಟಗಳು ವಿಪರೀತ ಅಂಕ ಕೊಡುತ್ತವೆ ಅಂತ ನನ್ನ ದೂರು. 20 ಮಿಲಿಮೀಟರ್ ಕ್ಯಾನನ್ ಎರಡು ಇವೆ ಅಂದ ಕೂಡಲೇ ದೊಡ್ಡ ಸಂಖ್ಯೆ ಬರೆದುಬಿಡುತ್ತಾರೆ. ಆದರೆ ಮಾದರಿ 21ರಲ್ಲಿ ಪ್ರತಿ ಕ್ಯಾನನ್ನಿಗೆ 60 ಗುಂಡು ಮಾತ್ರ. ಏಳು ಸೆಕೆಂಡಿನಲ್ಲಿ ಖಾಲಿ. ಗುಂಡಿನ ವೇಗವೂ ಕಡಿಮೆ, ದೂರ ಹೋದಂತೆ ಕೆಳಕ್ಕೆ ಬಾಗುತ್ತದೆ. ಆಮೇಲೆ ಉಳಿಯುವುದು 7.7 ಮಿಲಿಮೀಟರಿನ ಎರಡು ಮೆಷಿನ್‌ಗನ್. ಗಟ್ಟಿಮುಟ್ಟಾದ ವೈಲ್ಡ್‌ಕ್ಯಾಟನ್ನು ಅವುಗಳಿಂದ ಬೀಳಿಸುವುದು ಕಷ್ಟದ ಕೆಲಸ. ನನ್ನ ಸಲಹೆ: ಜೀರೋಗೆ ಎರಡು ಸಲ ಬಲವಾದ ಹೊಡೆತ ಕೊಡಿ, ಮೂರನೆಯ ಸಲದಿಂದ ಅಂಕ ಅರ್ಧಕ್ಕಿಂತ ಕಡಿಮೆ ಮಾಡಿ. ಮಿಡ್ವೇಯಲ್ಲಿ ಅಲೆಯ ಮೇಲೆ ಅಲೆಯಾಗಿ ಬಂದ ಟಾರ್ಪಿಡೋ ವಿಮಾನಗಳನ್ನು ಹೊಡೆದ ಜೀರೋಗಳು ಮತ್ತೆ ಮತ್ತೆ ಇಳಿದು ಗುಂಡು ತುಂಬಿಸಿಕೊಳ್ಳಬೇಕಾಯಿತು. ಈ ನಿಯಮ ಇದ್ದರೆ ಅದು ಮೇಜಿನ ಮೇಲೂ ನಡೆಯುತ್ತದೆ.

ಎ6ಎಂ3, ಅಂದರೆ ಮಾದರಿ 32, ರೆಕ್ಕೆಯ ತುದಿ ಚೌಕಾಕಾರದಲ್ಲಿ ಕತ್ತರಿಸಿದಂತೆ ಇರುವುದು. ಚೆಂದ ಕಾಣುತ್ತದೆ ಅಂತ ಬಹಳ ಜನ ಇದನ್ನೇ ಕೊಳ್ಳುತ್ತಾರೆ. ಇದು ಹೆಚ್ಚಾಗಿ ನೆಲದ ನೆಲೆಗಳಿಂದ, ಸೊಲೊಮನ್ಸ್ ಮತ್ತು ನ್ಯೂಗಿನಿ ಕಡೆ ಹಾರಿದ ವಿಮಾನ. 1942ರ ಕ್ಯಾರಿಯರ್ ಕಾಳಗಗಳಿಗೆ ಮಾದರಿ 21 ಇಟ್ಟರೆ ತಪ್ಪಾಗುವುದಿಲ್ಲ.

ಎ6ಎಂ5, ಮಾದರಿ 52, ತಯಾರಾಗತೊಡಗಿದ್ದು 1943ರ ದ್ವಿತೀಯಾರ್ಧದಲ್ಲಿ. ಹಾಗಾಗಿ ಇದು 1944ರ ಆಟಗಳಿಗೆ. ಫಿಲಿಪ್ಪೀನ್ ಸಮುದ್ರದ ಕಾಳಗದಲ್ಲಿ ಜಪಾನಿನ ಮುಖ್ಯ ಫೈಟರ್ ಇದೇ. ಅಲ್ಲಿ ಹಳೆಯ ಮಾದರಿ 21ಗಳೂ ಇದ್ದವು, ಆದರೆ 250 ಕೆಜಿ ಬಾಂಬ್ ಕಟ್ಟಿಕೊಂಡು ದಾಳಿ ವಿಮಾನಗಳಾಗಿ. ಈ ವಿವರವನ್ನು ಬಹುಪಾಲು ಆಟಗಳು ಬಿಟ್ಟುಬಿಡುತ್ತವೆ. ನೀವು ಬಿಡಬೇಡಿ. ಜಪಾನ್ ಆಡುವವನ ಕೈಯಲ್ಲಿ ಎಷ್ಟು ಜೀರೋ ಇವೆ ಅನ್ನುವುದಕ್ಕಿಂತ ಅವುಗಳಲ್ಲಿ ಎಷ್ಟು ನಿಜವಾಗಿ ಫೈಟರ್ ಕೆಲಸಕ್ಕೆ ಸಿಗುತ್ತವೆ ಅನ್ನುವುದು ಅಲ್ಲಿ ಮುಖ್ಯ.

ಯುದ್ಧದ ಆರಂಭದಲ್ಲಿ ಸಣ್ಣ ಕ್ಯಾರಿಯರ್‌ಗಳಿಗೆ ಜೀರೋ ಸಾಕಾಗಿರಲಿಲ್ಲ. 1941ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸ್ ಕಡೆ ಹೋದ ರ್‍ಯೂಜೋ ಮೇಲಿದ್ದದ್ದು ಚಕ್ರ ಮಡಚದ ಹಳೆಯ ಎ5ಎಂ ಫೈಟರ್. ಕೋರಲ್ ಸಮುದ್ರದಲ್ಲಿ ಮುಳುಗಿದ ಶೋಹೋ ಮೇಲೆ ಜೀರೋ ಮತ್ತು ಎ5ಎಂ ಎರಡೂ ಬೆರೆತಿದ್ದವು.

ಜೀರೋ ಮತ್ತು ವೈಲ್ಡ್‌ಕ್ಯಾಟನ್ನು ಎದುರುಬದುರು ನಿಲ್ಲಿಸಿದರೆ

ಐದರ ಲೆಕ್ಕದಲ್ಲಿ ನಾನು ಕೊಡುವ ಅಂಕ ಹೀಗೆ. ತಿರುವಿನಲ್ಲಿ ಜೀರೋಗೆ 5, ಎಫ್‌4ಎಫ್-4ಕ್ಕೆ 3. ಏರುವುದರಲ್ಲಿ 4 ಮತ್ತು 2. ಗಟ್ಟಿತನದಲ್ಲಿ ಉಲ್ಟಾ: ಜೀರೋಗೆ 1, ವೈಲ್ಡ್‌ಕ್ಯಾಟಿಗೆ 4. ಕೆಳಕ್ಕೆ ಧುಮುಕುವುದರಲ್ಲಿ ಜೀರೋಗೆ 2, ವೈಲ್ಡ್‌ಕ್ಯಾಟಿಗೆ 4. ಹಾರುವ ದೂರದಲ್ಲಿ ಜೀರೋಗೆ ಪೂರ್ತಿ 5. ಹೊರಗಿನ ಟ್ಯಾಂಕ್ ಕಟ್ಟಿಕೊಂಡರೆ ಅದು 3,000 ಕಿಮೀ ದಾಟುತ್ತಿತ್ತು. ವೈಲ್ಡ್‌ಕ್ಯಾಟಿಗೆ 2 ಕೊಟ್ಟರೆ ಸಾಕು.

ಧುಮುಕುವುದಕ್ಕೆ ಕಡಿಮೆ ಅಂಕ ಯಾಕೆ ಅಂತ ಹೇಳಿಬಿಡುತ್ತೇನೆ. ವೇಗ ಏರಿದಂತೆ ಜೀರೋದ ರೆಕ್ಕೆಯ ನಿಯಂತ್ರಣ ಬಿಗಿಯಾಗುತ್ತಿತ್ತು, ಹೊರಳುವುದು ಕಷ್ಟವಾಗುತ್ತಿತ್ತು. ಮೂಗನ್ನು ಥಟ್ಟನೆ ಕೆಳಕ್ಕೆ ಒತ್ತಿದರೆ ಎಂಜಿನ್ ಒಂದು ಕ್ಷಣ ಬಿಕ್ಕಳಿಸುತ್ತಿತ್ತು. ಇದು ಅಮೆರಿಕನ್ನರಿಗೆ ಖಚಿತವಾಗಿ ಗೊತ್ತಾದದ್ದು ಅಲ್ಯೂಷಿಯನ್ ದ್ವೀಪಗಳಲ್ಲಿ ಸಿಕ್ಕ ಒಂದು ಜೀರೋದಿಂದ. 1942ರ ಜೂನ್ 4ರಂದು ರ್‍ಯೂಜೋದಿಂದ ಹಾರಿದ ತಾದಾಯೋಶಿ ಕೋಗಾ ಅಕುಟಾನ್ ದ್ವೀಪದ ಜೌಗಿನಲ್ಲಿ ಇಳಿಸಲು ಹೋಗಿ, ವಿಮಾನ ಮಗುಚಿ ಸತ್ತ. ವಿಮಾನ ಮಾತ್ರ ಹೆಚ್ಚು ಜಖಂ ಆಗಿರಲಿಲ್ಲ. ಜುಲೈಯಲ್ಲಿ ಅದು ಅಮೆರಿಕನ್ನರ ಕಣ್ಣಿಗೆ ಬಿತ್ತು. ಸ್ಯಾನ್ ಡಿಯಾಗೋಗೆ ಸಾಗಿಸಿ, ರಿಪೇರಿ ಮಾಡಿ, ಹಾರಿಸಿ ನೋಡಿದರು. ಆ ಜೀರೋ ನೋಡಿಯೇ ಹೆಲ್‌ಕ್ಯಾಟ್ ಮಾಡಿದರು ಅಂತ ಒಂದು ಕತೆ ಎಲ್ಲ ಕಡೆ ಓಡಾಡುತ್ತದೆ. ತಾರೀಖು ಹೊಂದುವುದಿಲ್ಲ. ಹೆಲ್‌ಕ್ಯಾಟಿನ ಮೊದಲ ಮಾದರಿ ಹಾರಿದ್ದು 1942ರ ಜೂನ್ 26ರಂದು, ಜೀರೋ ಸಿಗುವ ಮೊದಲೇ.

ಅಂಕಗಳಿಗಿಂತ ದೊಡ್ಡ ವಿಷಯ ಇನ್ನೆರಡು ಇವೆ. ಒಂದು, ಜೊತೆಯಾಗಿ ಹಾರುವುದು. ಅಮೆರಿಕದ ನೌಕಾಪಡೆಯ ಪೈಲಟ್ ಜಾನ್ ಥ್ಯಾಚ್ ಕಟ್ಟಿದ ತಂತ್ರದಲ್ಲಿ ವೈಲ್ಡ್‌ಕ್ಯಾಟ್‌ಗಳು ಪಕ್ಕಪಕ್ಕ ಹಾರಿ, ಒಬ್ಬರ ಬಾಲಕ್ಕೆ ಬಿದ್ದ ಜೀರೋವನ್ನು ಇನ್ನೊಬ್ಬರು ಎದುರಿನಿಂದ ಹೊಡೆಯುವಂತೆ ಹೆಣೆದುಕೊಂಡು ತಿರುಗುತ್ತಿದ್ದವು. ಕಾಳಗದಲ್ಲಿ ಅವನು ಇದನ್ನು ಮೊದಲು ಬಳಸಿದ್ದು ಮಿಡ್ವೇಯಲ್ಲಿ. ಜೂನ್ 1942ರಿಂದ ಮುಂದಕ್ಕೆ ಜೊತೆ ಬಿಡದ ವೈಲ್ಡ್‌ಕ್ಯಾಟಿಗೆ ರಕ್ಷಣೆಯಲ್ಲಿ ಒಂದು ಅಂಕ ಸೇರಿಸಿ.

ಎರಡು, ರೇಡಾರ್ ಮತ್ತು ರೇಡಿಯೋ. ಮಿಡ್ವೇಯಲ್ಲಿ ಜಪಾನಿನ ನಾಲ್ಕೂ ಕ್ಯಾರಿಯರ್‌ಗಳಲ್ಲಿ ರೇಡಾರ್ ಇರಲಿಲ್ಲ. ಜೀರೋಗಳ ರೇಡಿಯೋ ನೆಚ್ಚುವಂತಿರಲಿಲ್ಲ. ಕಾವಲಿಗೆ ಎಷ್ಟೇ ಜೀರೋ ಹಾರುತ್ತಿರಲಿ, ಅವನ್ನು ಬೇಕಾದ ಕಡೆ, ಬೇಕಾದ ಎತ್ತರಕ್ಕೆ ಕಳುಹಿಸುವ ವ್ಯವಸ್ಥೆ ಇರಲಿಲ್ಲ. ಎಲ್ಲರೂ ಕೆಳಗಿನ ಟಾರ್ಪಿಡೋ ವಿಮಾನಗಳ ಕಡೆ ನುಗ್ಗಿದಾಗ ಮೇಲಿನಿಂದ ಡೈವ್ ಬಾಂಬರ್‌ಗಳು ಇಳಿದವು. ಅಮೆರಿಕದ ಕಡೆ ರೇಡಾರ್ ಇತ್ತು, ಫೈಟರ್‌ಗಳಿಗೆ ದಾರಿ ಹೇಳುವ ಅಧಿಕಾರಿ ಇದ್ದ. ಅವರ ವ್ಯವಸ್ಥೆಯೂ 1942ರಲ್ಲಿ ಎಡವಿದೆ, ಸಾಂಟಾ ಕ್ರೂಜ್‌ನಲ್ಲಂತೂ ಕೆಟ್ಟದಾಗಿ. ಆದರೂ ಇದ್ದದ್ದಕ್ಕೂ ಇಲ್ಲದ್ದಕ್ಕೂ ವ್ಯತ್ಯಾಸ ಇದೆ. ಜಪಾನ್ ಆಡುವವನು ಕಾವಲು ವಿಮಾನಗಳ ಎತ್ತರವನ್ನು ಮೊದಲೇ ಬರೆದಿಡಬೇಕು, ನಡುವೆ ಬದಲಿಸುವಂತಿಲ್ಲ ಅನ್ನುವ ನಿಯಮ ಸಾಕು.

ಹಾರುವ ದೂರವನ್ನೂ ಲಘುವಾಗಿ ತೆಗೆದುಕೊಳ್ಳಬೇಡಿ. ಮಿಡ್ವೇ ಕಾಳಗದ ದಿನ, ಜೂನ್ 4ರ ಬೆಳಗ್ಗೆ, ಅಮೆರಿಕದ ಹಾರ್ನೆಟ್ ಕ್ಯಾರಿಯರ್‌ನಿಂದ ಬೆಂಗಾವಲಿಗೆ ಹೋದ ವಿಎಫ್-8ರ ಹತ್ತು ವೈಲ್ಡ್‌ಕ್ಯಾಟ್‌ಗಳೂ ಶತ್ರುವನ್ನು ಕಾಣದೆ, ಇಂಧನ ಮುಗಿದು ಸಮುದ್ರಕ್ಕೆ ಬಿದ್ದವು. ಹತ್ತಕ್ಕೆ ಹತ್ತೂ. ಇಂಧನದ ಲೆಕ್ಕ ಇಡದ ಆಟದಲ್ಲಿ ಎಫ್‌4ಎಫ್-4 ಇದ್ದದ್ದಕ್ಕಿಂತ ಬಹಳ ಒಳ್ಳೆಯ ವಿಮಾನವಾಗಿ ಕಾಣುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಆಯ್ಕೆ ಕೋರಲ್ ಸಮುದ್ರ. ಎಫ್‌4ಎಫ್-3 ಎದುರು ಮಾದರಿ 21. ಎರಡೂ ಕಡೆ ಹಡಗು ಕಡಿಮೆ, ವಿಮಾನಗಳು ಸಮಬಲಕ್ಕೆ ಹತ್ತಿರ, ಪೈಲಟ್‌ಗಳು ಎರಡೂ ಕಡೆ ನುರಿತವರು.

ಹೆಲ್‌ಕ್ಯಾಟೋ ಕೋರ್ಸೇರೋ

ಕಾಗದದ ಮೇಲೆ ಕೋರ್ಸೇರ್ ಗೆಲ್ಲುತ್ತದೆ. ಎರಡಕ್ಕೂ ಒಂದೇ ಕುಟುಂಬದ 2,000 ಅಶ್ವಶಕ್ತಿಯ ಎಂಜಿನ್. ಕೋರ್ಸೇರ್ ಗಂಟೆಗೆ ಸುಮಾರು 670 ಕಿಮೀ ಓಡಿದರೆ ಹೆಲ್‌ಕ್ಯಾಟ್ 605ರ ಹತ್ತಿರ. ಹಾಗಾಗಿಯೇ 1943ರ ಆಟದಲ್ಲಿ ಅಮೆರಿಕ ಆಡುವವರೆಲ್ಲ ಎಸೆಕ್ಸ್ ಕ್ಯಾರಿಯರಿನ ಡೆಕ್ ಮೇಲೆ ಕೋರ್ಸೇರ್ ತುಂಬುತ್ತಾರೆ. ಇದು ಈ ಹವ್ಯಾಸದ ಅತಿ ಸಾಮಾನ್ಯ ತಪ್ಪು.

ಕೋರ್ಸೇರಿನ ಮೂಗು ಉದ್ದ. ಇಳಿಯುವಾಗ ಪೈಲಟ್‌ಗೆ ಮುಂದಿನ ಡೆಕ್ಕೇ ಕಾಣದು. ಚಕ್ರ ತಗುಲಿದ ಕೂಡಲೇ ವಿಮಾನ ಪುಟಿಯುತ್ತಿತ್ತು. ವೇಗ ಇಳಿದಾಗ ಎಡ ರೆಕ್ಕೆ ಥಟ್ಟನೆ ಕುಸಿಯುತ್ತಿತ್ತು. ಅಮೆರಿಕದ ನೌಕಾಪಡೆ ಇದನ್ನು ದ್ವೀಪಗಳ ನೆಲೆಗೆ ಕಳುಹಿಸಿತು. ಬಂಕರ್ ಹಿಲ್ ಹಡಗಿಗಾಗಿ ತಯಾರಾಗಿದ್ದ ವಿಎಫ್-17 ಸ್ಕ್ವಾಡ್ರನ್ ಕೂಡ ಕೊನೆಗೆ ಸೊಲೊಮನ್ಸ್ ದ್ವೀಪಗಳಿಂದ ಹಾರಿತು. ಜಪಾನಿನ ನೆಲೆ ರಬೌಲ್ ಮೇಲೆ 1943ರ ನವೆಂಬರ್ 11ರಂದು ನಡೆದ ದಾಳಿಯ ದಿನ ಮಾತ್ರ ಅದರ ಕೋರ್ಸೇರ್‌ಗಳು ಕ್ಯಾರಿಯರ್‌ಗಳಿಗೆ ಕಾವಲು ಹಾರಿ, ಅವುಗಳ ಡೆಕ್ ಮೇಲೇ ಇಳಿದು ಇಂಧನ ತುಂಬಿಕೊಂಡು ಹೋದವು. 1943ರಲ್ಲಿ ಕ್ಯಾರಿಯರ್ ಮೇಲೆ ಕೋರ್ಸೇರ್ ಇಡಲೇಬೇಕು ಅಂತ ಹಟ ಇದ್ದರೆ ಆ ಒಂದು ದಿನದ ಆಟ ಕಟ್ಟಿಕೊಳ್ಳಿ, ಸೊಗಸಾಗಿರುತ್ತದೆ.

1944ರ ಆರಂಭದಲ್ಲಿ ಎಂಟರ್‌ಪ್ರೈಸ್ ಮೇಲೆ ರಾತ್ರಿ ಹಾರಾಟದ ಕೋರ್ಸೇರ್‌ಗಳ ಸಣ್ಣ ತುಕಡಿ ಇತ್ತು. ಪೂರ್ತಿ ಸ್ಕ್ವಾಡ್ರನ್‌ಗಳಾಗಿ ಅವು ಅಮೆರಿಕದ ಡೆಕ್‌ಗಳಿಂದ ಕಾಳಗಕ್ಕೆ ಇಳಿದದ್ದು 1945ರ ಜನವರಿಯಲ್ಲಿ, ಎಸೆಕ್ಸ್ ಮೇಲೆ, ಮೆರೀನ್ ಪೈಲಟ್‌ಗಳ ಕೈಯಲ್ಲಿ. ಕಾರಣ ಕಾಮಿಕಾಜೆ, ಅಂದರೆ ಜಪಾನಿನ ಪೈಲಟ್‌ಗಳು ವಿಮಾನವನ್ನೇ ಹಡಗಿಗೆ ಗುದ್ದಿಸುವ ಆತ್ಮಾಹುತಿ ದಾಳಿ. ಆಗ ಡೆಕ್ ಮೇಲೆ ಎಷ್ಟು ಫೈಟರ್ ಇದ್ದರೂ ಸಾಲುತ್ತಿರಲಿಲ್ಲ. ಎಸೆಕ್ಸ್ ವರ್ಗದ ಹಡಗಿನಲ್ಲಿ 1943ರಲ್ಲಿ 36 ಇದ್ದ ಫೈಟರ್‌ಗಳು 54ಕ್ಕೆ ಏರಿ, 1944ರ ಕೊನೆಗೆ 73 ಆದವು. ಬಾಂಬರ್ ಮತ್ತು ಟಾರ್ಪಿಡೋ ವಿಮಾನ 15, 15ಕ್ಕೆ ಇಳಿದವು. 1945ರ ಆಟದಲ್ಲಿ ಹಳೆಯ ಅನುಪಾತ ಇಟ್ಟುಕೊಂಡರೆ ಅದು 1945 ಅನ್ನಿಸುವುದೇ ಇಲ್ಲ.

ಹಾಗಾಗಿ 1943ರ ಆಗಸ್ಟ್ ಕೊನೆಯಿಂದ, ಅಂದರೆ ಮಾರ್ಕಸ್ ದ್ವೀಪದ ದಾಳಿಯಿಂದ, 1944ರ ಕೊನೆಯವರೆಗೆ ದೊಡ್ಡ ಹಡಗುಗಳಿಗೆ ಹೆಲ್‌ಕ್ಯಾಟ್ ಒಂದೇ ಸರಿಯಾದ ಉತ್ತರ. ಆರು ಗನ್, ಪ್ರತಿಯೊಂದಕ್ಕೆ 400 ಗುಂಡು, ಎಷ್ಟು ಪೆಟ್ಟು ತಿಂದರೂ ಹಡಗಿಗೆ ಮರಳುವ ಮೈಕಟ್ಟು, ಹೊಸ ಪೈಲಟ್ ಕೂಡ ಧೈರ್ಯವಾಗಿ ಇಳಿಸಬಹುದಾದ ಸ್ವಭಾವ. ಇಳಿಯುವಿಕೆಗೆ ನಿಯಮ ಇರುವ ಆಟದಲ್ಲಿ ಹೆಲ್‌ಕ್ಯಾಟಿನ ಬೆಲೆ ಗೊತ್ತಾಗುತ್ತದೆ. ಆ ನಿಯಮ ಇಲ್ಲದ ಆಟದಲ್ಲಿ ಕೋರ್ಸೇರ್ ಯಾವಾಗಲೂ ಗೆಲ್ಲುತ್ತದೆ, ಅದು ನ್ಯಾಯವಲ್ಲ.

1944ರ ಜೂನ್ 19ರ ಫಿಲಿಪ್ಪೀನ್ ಸಮುದ್ರದ ಕಾಳಗಕ್ಕೆ ಒಂದು ಎಚ್ಚರಿಕೆ. ಅಮೆರಿಕದ 15 ಕ್ಯಾರಿಯರ್, ಜಪಾನಿನ 9. ಮಾದರಿ 52 ಜೀರೋ ಕೆಟ್ಟ ವಿಮಾನವೇನಲ್ಲ. ಆದರೆ ಅದರಲ್ಲಿ ಕೂತ ಹುಡುಗರಿಗೆ ಸಾಕಷ್ಟು ತರಬೇತಿ ಇರಲಿಲ್ಲ. ವಿಮಾನದ ಅಂಕ ಕಡಿಮೆ ಮಾಡಿ ಫಲಿತಾಂಶ ಹೊಂದಿಸಲು ಹೋಗಬೇಡಿ, ಪೈಲಟ್‌ಗಳ ಅಂಕ ಕಡಿಮೆ ಮಾಡಿ. ನಾಲ್ಕು ತಿಂಗಳ ನಂತರ ಲೇಟೆ ಕಾಳಗದಲ್ಲಿ ಜಪಾನಿನ ಜುಯಿಕಾಕು ಸೇರಿ ನಾಲ್ಕು ಕ್ಯಾರಿಯರ್ ಬಂದದ್ದು ಅಮೆರಿಕನ್ನರನ್ನು ದೂರ ಸೆಳೆಯುವ ಆಮಿಷಗಳಾಗಿ. ಅಲ್ಲಿ ಡೆಕ್ ತುಂಬ ವಿಮಾನ ಇಟ್ಟರೆ ಕತೆಯೇ ಬದಲಾಗುತ್ತದೆ.

ಅದೇ ಲೇಟೆಯ ಸಮಾರ್ ಕಾಳಗ ಆಡುವುದಾದರೆ ಸಣ್ಣ ಬೆಂಗಾವಲು ಕ್ಯಾರಿಯರ್‌ಗಳ ಮೇಲೆ ಹೆಲ್‌ಕ್ಯಾಟ್ ಹುಡುಕಬೇಡಿ. ಅಲ್ಲಿದ್ದದ್ದು ಎಫ್‌ಎಂ-2, ಜನರಲ್ ಮೋಟರ್ಸ್ ತಯಾರಿಸಿದ ಹಗುರವಾದ, 1,350 ಅಶ್ವಶಕ್ತಿಯ ವೈಲ್ಡ್‌ಕ್ಯಾಟ್. ಮತ್ತೆ ನಾಲ್ಕೇ ಗನ್. ಏರುವುದರಲ್ಲಿ ಎಫ್‌4ಎಫ್-4ಕ್ಕಿಂತ ಎಷ್ಟೋ ಮೇಲು. ಇದಕ್ಕೆ ಹಳೆಯ ವೈಲ್ಡ್‌ಕ್ಯಾಟಿನ ಕಾರ್ಡ್ ಕೊಡುವುದು ಅನ್ಯಾಯ.

ಬ್ರಿಟಿಷ್ ಡೆಕ್‌ಗಳು: ಅಳತೆಪಟ್ಟಿ ಹಿಡಿದು ನೋಡಿ

ಬ್ರಿಟನ್ನಿನ ವಿಷಯದಲ್ಲಿ ವರ್ಷಕ್ಕಿಂತ ಹಡಗು ಮುಖ್ಯ. ಅವರ ಉಕ್ಕಿನ ಡೆಕ್ಕಿನ ಕ್ಯಾರಿಯರ್‌ಗಳಲ್ಲಿ ಹ್ಯಾಂಗರಿನ ಎತ್ತರ ಕಡಿಮೆ, ಅದೂ ಹಡಗಿನಿಂದ ಹಡಗಿಗೆ ಬೇರೆ. ಇಲಸ್ಟ್ರಿಯಸ್, ವಿಕ್ಟೋರಿಯಸ್, ಫಾರ್ಮಿಡಬಲ್‌ಗಳಲ್ಲಿ 16 ಅಡಿ. ಇಂಡಾಮಿಟಬಲ್ ಮತ್ತು ಇಂಡಿಫ್ಯಾಟಿಗಬಲ್‌ಗಳ ಹ್ಯಾಂಗರ್‌ಗಳಲ್ಲಿ 14 ಅಡಿ ಮಾತ್ರ ಸಿಗುವ ಕಡೆ ಇತ್ತು. ಕೋರ್ಸೇರಿನ ರೆಕ್ಕೆ ಮೇಲಕ್ಕೆ ಮಡಚುತ್ತದೆ. ಬ್ರಿಟಿಷರು ತುದಿಯಿಂದ ಎಂಟೆಂಟು ಇಂಚು ಕತ್ತರಿಸಿದ ಮೇಲೂ ಅದಕ್ಕೆ 16 ಅಡಿ ಬೇಕು. ಹೆಲ್‌ಕ್ಯಾಟಿನ ರೆಕ್ಕೆ ಹಿಂದಕ್ಕೆ ಮಡಚುತ್ತದೆ, ಎತ್ತರದ ತಕರಾರಿಲ್ಲ. ಈಗ 1945ರ ಓಕಿನಾವಾ ಕಾಳಗದ ಬ್ರಿಟಿಷ್ ಪಡೆ ನೋಡಿ: ಇಂಡಾಮಿಟಬಲ್ ಮೇಲೆ ಹೆಲ್‌ಕ್ಯಾಟ್, ವಿಕ್ಟೋರಿಯಸ್ ಮತ್ತು ಇಲಸ್ಟ್ರಿಯಸ್ ಮೇಲೆ ಕೋರ್ಸೇರ್, ಇಂಡಿಫ್ಯಾಟಿಗಬಲ್ ಮೇಲೆ ಸೀಫೈರ್ ಮತ್ತು ಫೈರ್‌ಫ್ಲೈ. ಇಷ್ಟವಾದದ್ದನ್ನು ಇಷ್ಟವಾದ ಹಡಗಿನ ಮೇಲೆ ಇಡುವ ಸ್ವಾತಂತ್ರ್ಯ ಇಲ್ಲಿ ಇಲ್ಲ.

ಹಾಗೆ ನೋಡಿದರೆ ಕ್ಯಾರಿಯರ್‌ನಿಂದ ಕೋರ್ಸೇರ್ ಹಾರಿಸಿ ತೋರಿಸಿದವರಲ್ಲಿ ಬ್ರಿಟಿಷರೇ ಮುಂದು. 1944ರ ಏಪ್ರಿಲ್ 3ರಂದು ನಾರ್ವೆಯಲ್ಲಿ ಅಡಗಿದ್ದ ಜರ್ಮನ್ ಯುದ್ಧನೌಕೆ ಟಿರ್‌ಪಿಟ್ಜ್ ಮೇಲಿನ ದಾಳಿಗೆ ವಿಕ್ಟೋರಿಯಸ್‌ನ ಕೋರ್ಸೇರ್‌ಗಳು ಬೆಂಗಾವಲಾಗಿದ್ದವು.

ಸೀಫೈರ್ ಬಗ್ಗೆ ಪ್ರೀತಿ ಇರುವವರು ಜಾಸ್ತಿ, ಅದು ಡೆಕ್ಕಿಗೆ ಬಂದ ಸ್ಪಿಟ್‌ಫೈರ್ ಅಲ್ವಾ. ಆಕಾಶದಲ್ಲಿ ಅದಕ್ಕೆ ಧಾರಾಳವಾಗಿ ಅಂಕ ಕೊಡಿ. ಇಳಿಯುವಾಗ ಮಾತ್ರ ಕರುಣೆ ಬೇಡ. 1943ರ ಸೆಪ್ಟೆಂಬರಿನಲ್ಲಿ ಇಟಲಿಯ ಸಲೆರ್ನೋ ಕರಾವಳಿಯಲ್ಲಿ ಗಾಳಿ ಇಲ್ಲದ ದಿನಗಳಲ್ಲಿ, ಸಣ್ಣ ಡೆಕ್‌ಗಳ ಮೇಲೆ ಇಳಿಯಲು ಹೋಗಿ ಮುರಿದ ಸೀಫೈರ್‌ಗಳು ಶತ್ರುವಿನಿಂದ ಕಳೆದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು. ರೆಕ್ಕೆ ಮಡಚುವ ಸೀಫೈರ್ ಅಂದರೆ ಮಾರ್ಕ್ 3. ಅದಕ್ಕೂ ಹಿಂದಿನದು ಇಟ್ಟರೆ ಲಿಫ್ಟಿಗೆ ಹಿಡಿಸುತ್ತದಾ ಅಂತ ನೋಡಿ.

ಬಣ್ಣ ಬಳಿಯುವವರಿಗೆ ಒಂದು ಮಾತು

ಸಣ್ಣ ಮಾದರಿಗಳನ್ನು ಜೋಡಿಸಿ ಆಡುವವರು ವಿಮಾನ ಸರಿ ಆರಿಸಿ ಬಣ್ಣದಲ್ಲಿ ಎಡವುತ್ತಾರೆ. ಕೋರಲ್ ಸಮುದ್ರದ ವೈಲ್ಡ್‌ಕ್ಯಾಟಿನ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇದೆ, ಬಾಲದಲ್ಲಿ ಕೆಂಪು-ಬಿಳಿ ಪಟ್ಟೆ ಇದೆ. ಜಪಾನಿನ ಕೆಂಪು ಸೂರ್ಯನ ಜೊತೆ ಗೊಂದಲ ಆಗಬಾರದು ಅಂತ 1942ರ ಮೇಯಲ್ಲೇ ಎರಡನ್ನೂ ತೆಗೆಸಿದರು. ಮಿಡ್ವೇ ವಿಮಾನಕ್ಕೆ ಅವು ಇರಕೂಡದು. 1942ರ ಮೊದಲರ್ಧದ ಕ್ಯಾರಿಯರ್ ಜೀರೋಗಳಿಗೆ ಹಸಿರು ಬಣ್ಣ ಬೇಡ, ಅವು ತಿಳಿ ಬೂದು. ಮೈಗೆ ಸುತ್ತಿದ ಪಟ್ಟಿಯಿಂದ ಹಡಗು ಗುರುತಿಸಬಹುದು: ಅಕಾಗಿಗೆ ಒಂದು ಕೆಂಪು, ಕಾಗಾಕ್ಕೆ ಎರಡು. ಸೋರ್‍ಯೂಗೆ ಒಂದು ನೀಲಿ, ಹಿರ್‍ಯೂಗೆ ಎರಡು. ಶೋಕಾಕುಗೆ ಒಂದು ಬಿಳಿ, ಜುಯಿಕಾಕುಗೆ ಎರಡು.

ಪೆಟ್ಟಿಗೆಯಲ್ಲಿ ಬಂದರೂ ಬಳಸಬಾರದವು

ಜಪಾನಿನ ಶಿಡೆನ್-ಕಾಯ್ ಒಳ್ಳೆಯ ಫೈಟರ್, ಆದರೆ ಕಾಳಗ ಮಾಡಿದ್ದು ನೆಲದ ನೆಲೆಗಳಿಂದ. ರೈಡೆನ್ ಕೂಡ ಹಾಗೇ. ಅವರದೇ ರೆಪ್ಪು ಕಾಳಗ ನೋಡಲೇ ಇಲ್ಲ. ಅಮೆರಿಕದ ಬೇರ್‌ಕ್ಯಾಟ್ ಯುದ್ಧಕ್ಕೆ ಹೊರಟ ಹೊತ್ತಿಗೆ ಯುದ್ಧ ಮುಗಿಯಿತು. ಜರ್ಮನಿಯ ಕ್ಯಾರಿಯರ್ ಗ್ರಾಫ್ ಜೆಪೆಲಿನ್ ಪೂರ್ತಿಯಾಗಲೇ ಇಲ್ಲ, ಅದಕ್ಕೆಂದು ಮಾಡಿದ ಬಿಎಫ್ 109ಟಿ ವಿಮಾನಗಳು ನಾರ್ವೆಯ ನೆಲದಿಂದ ಹಾರಿದವು. ಊಹೆಯ ಆಟಕ್ಕೆ ಇವೆಲ್ಲ ಮಜವಾಗಿರುತ್ತವೆ, ಇತಿಹಾಸದ ಆಟಕ್ಕೆ ಹೊರಗಿಡಿ.

ನಮ್ಮ ಸಮುದ್ರದಲ್ಲಿ ಆಡುವುದಾದರೆ

ಹಿಂದೂ ಮಹಾಸಾಗರದಲ್ಲಿ ಜಪಾನ್ ನಡೆಸಿದ 1942ರ ಏಪ್ರಿಲ್ ದಾಳಿಯನ್ನು ಆಟವಾಗಿ ಆಡುವವರು ಕಡಿಮೆ. ನನಗೆ ಅದು ಅತಿ ಕುತೂಹಲದ ಸನ್ನಿವೇಶ. ಏಪ್ರಿಲ್ 5ರಂದು ಕೊಲಂಬೋ, 9ರಂದು ಟ್ರಿಂಕೋಮಲಿ. ನಡುವೆ 6ರಂದು ಬಂಗಾಳ ಕೊಲ್ಲಿಯಲ್ಲಿದ್ದ ರ್‍ಯೂಜೋದ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬ್ ಹಾಕಿದವು. ಜಪಾನಿನ ಅಡ್ಮಿರಲ್ ನಗುಮೋನ ಐದು ಕ್ಯಾರಿಯರ್‌ಗಳ ಮೇಲೂ ಮಾದರಿ 21 ಜೀರೋ. ಕಾಗಾ ರಿಪೇರಿಗೆ ಹೋಗಿತ್ತು, ಅದನ್ನು ಸೇರಿಸಬೇಡಿ.

ಎದುರಿಗೆ ಬ್ರಿಟಿಷ್ ಅಡ್ಮಿರಲ್ ಸಾಮರ್‌ವಿಲ್‌ನ ಪಡೆ. ಫಾರ್ಮಿಡಬಲ್ ಮೇಲೆ ಮಾರ್ಟ್‌ಲೆಟ್, ಅಂದರೆ ಬ್ರಿಟಿಷ್ ಹೆಸರಿನ ವೈಲ್ಡ್‌ಕ್ಯಾಟ್. ಇಂಡಾಮಿಟಬಲ್ ಮೇಲೆ ಫುಲ್ಮರ್ ಮತ್ತು ಸೀ ಹರಿಕೇನ್. ಫುಲ್ಮರ್ ಇಬ್ಬರು ಕೂರುವ ಫೈಟರ್, ಎಂಟು ಸಣ್ಣ ಗನ್, ಗಂಟೆಗೆ 440 ಕಿಮೀ ಕೂಡ ದಾಟದು. ಜೀರೋ ಎದುರು ಅದನ್ನು ಕಳುಹಿಸುವುದೇ ತಪ್ಪು. ಬಾಂಬರ್‌ಗಳನ್ನು ತಡೆಯಲು, ದೂರ ಹೋಗಿ ಹುಡುಕಲು ಇಟ್ಟುಕೊಳ್ಳಿ. ಮೂರನೆಯ ಕ್ಯಾರಿಯರ್ ಹರ್ಮಿಸ್ ಮುಳುಗಿದ ದಿನ ಅದರ ಮೇಲೆ ಒಂದು ವಿಮಾನವೂ ಇರಲಿಲ್ಲ. ಎರಡೂ ಪಡೆಗಳು ಕೊನೆಗೂ ಎದುರಾಗಲಿಲ್ಲ. ಬ್ರಿಟಿಷ್ ಆಡುವವನಿಗೆ ಇರುವ ಒಂದೇ ದಾರಿ ಹಗಲು ದೂರ ಉಳಿದು, ರಾತ್ರಿ ರೇಡಾರ್ ಇರುವ ಆಲ್ಬಕೋರ್ ಟಾರ್ಪಿಡೋ ವಿಮಾನಗಳಿಂದ ಹೊಡೆಯುವುದು. ಸಾಮರ್‌ವಿಲ್ ಲೆಕ್ಕವೂ ಅದೇ ಆಗಿತ್ತು.

ಭಾರತದ್ದೇ ಕ್ಯಾರಿಯರ್ ಬೇಕು ಅನ್ನುವವರಿಗೆ 1971ರ ವಿಕ್ರಾಂತ್ ಇದೆ. ಫೈಟರ್ ಸೀ ಹಾಕ್, ಐಎನ್‌ಎಎಸ್ 300 ಸ್ಕ್ವಾಡ್ರನ್‌ನದು. ಒಂಟಿ ಜೆಟ್ ಎಂಜಿನ್, ಶಬ್ದದ ವೇಗಕ್ಕಿಂತ ಕಡಿಮೆ, 20 ಮಿಲಿಮೀಟರಿನ ನಾಲ್ಕು ಕ್ಯಾನನ್. ಅದನ್ನು ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ನಿಲ್ಲಿಸಿ ಅಂಕ ಕೂಡಿಸುವ ಆಟ ಬೇಡ. ಢಾಕಾದ ಸೇಬರ್‌ಗಳು ಹಾರದಂತೆ ಭಾರತದ ವಾಯುಪಡೆ ಮೊದಲ ಕೆಲವೇ ದಿನಗಳಲ್ಲಿ ರನ್‌ವೇ ಒಡೆದುಹಾಕಿತ್ತು. ಡಿಸೆಂಬರ್ 4ರಂದು ಸೀ ಹಾಕ್‌ಗಳು ಕಾಕ್ಸ್ ಬಜಾರ್ ಮೇಲೆ ಎರಗಿದ್ದು ದಾಳಿ ವಿಮಾನಗಳಾಗಿ, ಆಮೇಲೆ ಚಿತ್ತಗಾಂಗ್ ಬಂದರಿನ ಮೇಲೂ ಹಾಗೆಯೇ. ಇನ್ನೊಂದು ನಿಯಮ ಮರೆಯಬೇಡಿ. ವಿಕ್ರಾಂತ್‌ನ ಒಂದು ಬಾಯ್ಲರ್ ಕೆಟ್ಟಿತ್ತು, ಹಡಗು ಪೂರ್ತಿ ವೇಗದಲ್ಲಿ ಓಡುವಂತಿರಲಿಲ್ಲ. ಗಾಳಿ ಬೀಸದ ಸರದಿಯಲ್ಲಿ ಭಾರ ಕಟ್ಟಿಕೊಂಡ ವಿಮಾನ ಹಾರಿಸಲು ಬಿಡಬೇಡಿ. ಆ ಹಡಗಿಗೆ ನಿಜವಾದ ಅಪಾಯ ಇದ್ದದ್ದು ನೀರಿನ ಕೆಳಗಿನಿಂದ. ವಿಕ್ರಾಂತ್ ಬೇಟೆಗೆಂದೇ ಬಂದ ಪಾಕಿಸ್ತಾನದ ಘಾಜಿ ಸಬ್‌ಮರೀನ್ ವಿಶಾಖಪಟ್ಟಣದ ಹತ್ತಿರ ಮುಳುಗಿತು. ಅದು ಇನ್ನೂ ಮುಳುಗಿಲ್ಲ ಅಂತ ಆಟ ಶುರು ಮಾಡುವುದಾದರೆ ಸೀ ಹಾಕ್ ಎರಡು ಕಡಿಮೆ ಮಾಡಿಕೊಂಡು ಆ ಪಾಯಿಂಟುಗಳನ್ನು ಸಬ್‌ಮರೀನ್ ಹುಡುಕುವ ಅಲಿಜೆ ವಿಮಾನಗಳಿಗೆ ಹಾಕಿ.